ಪಕ್ಕದ ಮನೆಯ ಅಭ್ಯರ್ಥಿ

ನಮ್ಮ ಪಕ್ಕದ ಮನೆಯಲ್ಲಿ ಇರುವುದು ಗಂಡ ಹೆಂಡತಿ ಇಬ್ಬರೇ. ಆದರೆ ಯಾರಾದರೂ ಕೇಳಿದರೆ ನನ್ನ ಬಾಯಿಗೆ ಮೊದಲು ಮೂವರು ಎಂದೇ ಬರುತ್ತದೆ. ಮೂರನೆಯವರನ್ನು ನಾನು ಎಂದೂ ಮುಖಾಮುಖಿ ಕಂಡಿಲ್ಲ. ಆಕೆ ಈ ದೇಶಕ್ಕೆ ಕಾಲಿಟ್ಟವರೂ ಅಲ್ಲ. ನಾನು ದೆವ್ವ ಭೂತ ನಂಬುವವಳಲ್ಲ. ಆಯಸ್ಸಿನ ಬಹುಪಾಲು ಡಾಕ್ಟರಾಗಿದ್ದವಳು, ಸಾವನ್ನು ಸಾಕಷ್ಟು ಹತ್ತಿರದಿಂದ ನೋಡಿದವಳು. ಹಾಗಿರುವಾಗ ಇಂಥದ್ದನ್ನು ಬರೆಯಬೇಕಾಗಿ ಬಂದಿದೆಯಲ್ಲ ಎಂದು ಸಿಟ್ಟೇ ಬರುತ್ತಿದೆ.

ನಾವು ಇರುವುದು ಸ್ಯಾನ್ ಡಿಯೇಗೋದ ಮೀರಾ ಮೇಸಾದಲ್ಲಿ. ಮೂಲ ಮೈಸೂರು. ನಾನು ಕಿಡ್ನಿ ಡಾಕ್ಟರು, ನನ್ನ ಗಂಡ ಟೆಲಿಕಾಂ ಎಂಜಿನಿಯರು, ಈಗ ಇಬ್ಬರೂ ರಿಟೈರ್ಡ್. ಈ ಬೀದಿಯಲ್ಲಿ ಯಾವ ಬಾಗಿಲು ತಟ್ಟಿದರೂ ತೆರೆಯುವವರು ಫಿಲಿಪ್ಪೀನ್ಸಿನವರೇ. ಪಕ್ಕದ ಮನೆಯಾಕೆ ನನ್ನ ಡಯಾಲಿಸಿಸ್ ವಿಭಾಗದಲ್ಲೇ ನರ್ಸ್ ಆಗಿದ್ದವರು. ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಆತೆ ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಅಕ್ಕ ಎಂದರ್ಥ. ಅವರ ಗಂಡ ಕುಯಾ, ಅಂದರೆ ಅಣ್ಣ. ಕುಯಾ ಮೀಸೆ ಚಿಗುರುವ ವಯಸ್ಸಿಗೆ ಊರು ಬಿಟ್ಟು ಅಮೆರಿಕದ ನೌಕಾದಳ ಸೇರಿ, ಹಡಗಿನ ಎಂಜಿನ್ ಕೋಣೆಯಲ್ಲಿ ಬೆವರು ಸುರಿಸಿ ನಿವೃತ್ತರಾದವರು. ಅವರಿಗೆ ಮಕ್ಕಳಿಲ್ಲ. ನಾವು ನಾಲ್ವರೂ ಮಾತಾಡುವುದು ಇಂಗ್ಲಿಷಿನಲ್ಲಿ. ಇಲ್ಲಿ ಅದನ್ನು ನನ್ನ ಮಾತಿಗೆ ತಂದುಕೊಂಡಿದ್ದೇನೆ.

೨೦೨೦ರಲ್ಲಿ ಎಲ್ಲರೂ ಮನೆಯೊಳಗೆ ಕೂತಾಗ ನಮಗೆ ಇದ್ದ ಒಂದೇ ಕಟ್ಟೆ ಎಂದರೆ ಎರಡು ಮನೆಗಳ ನಡುವಿನ ಮರದ ಬೇಲಿ. ಆ ಕಡೆ ಅವರು, ಈ ಕಡೆ ನಾವು, ಕೈಯಲ್ಲಿ ಕಾಫಿ. ಆಗ ಕುಯಾ ತಮ್ಮ ಊರಿನ ಕಥೆ ತೆಗೆದರು. ದ್ವೀಪದ ಒಂದು ಪುಟ್ಟ ಊರು, ಮೇಯರ್ ಗಾದಿ ಮೊದಲಿನಿಂದಲೂ ಒಂದೇ ಮನೆತನದ್ದು. ಅಪ್ಪನ ಅವಧಿ ಮುಗಿದರೆ ಹೆಂಡತಿ ಕೂರುತ್ತಾಳೆ, ಆಕೆಯದು ಮುಗಿದರೆ ಮಗ. ಚಂಡಮಾರುತ ಬಂದು ಊರು ನೆಲಸಮವಾದಾಗ ಎಲ್ಲಿಂದಲೋ ಬಂದ ಪರಿಹಾರದ ಅಕ್ಕಿಯ ಚೀಲಗಳ ಮೇಲೆ ಮೇಯರ್ ಮುಖ ಅಚ್ಚು ಹಾಕಿಸುವ ತನಕ ಹಂಚಲಿಲ್ಲವಂತೆ. ಅಷ್ಟರಲ್ಲಿ ಅಕ್ಕಿಗೆ ಹುಳ ಬಿದ್ದಿತ್ತು. ಊರಲ್ಲೇ ಉಳಿದಿದ್ದ ಕುಯಾ ಅವರ ತಂಗಿ, ಮದುವೆಯಾಗದ ಶಾಲಾ ಟೀಚರ್, ಆ ಅಕ್ಕಿಯನ್ನು ಮೊರದಲ್ಲಿ ಹರಡಿ ವಿಡಿಯೋ ಮಾಡಿ ಕಳಿಸಿದ್ದರು. ಹುಳಗಳಿಗೆ ಅದೇನೋ ಹೆಸರಿಟ್ಟು ನಗುತ್ತಿದ್ದರು.

"ಇದರಲ್ಲಿ ಹೊಸದೇನಿದೆ?" ಎಂದೆ ನಾನು. "ನಮ್ಮಲ್ಲಿ ಕುಕ್ಕರ್ ಮೇಲೆ ಮುಖ ಹಾಕಿಸ್ತಾರೆ. ನಿಮ್ಮವರೇ ವಾಸಿ, ಅಕ್ಕಿಯಾದರೂ ಕೊಟ್ಟರು."

ಕುಯಾ ನಗಲಿಲ್ಲ. ಕೆಲವು ವಾರ ಕಳೆದ ಮೇಲೆ, ಹಿತ್ತಲಿನ ಹುಲ್ಲು ಕತ್ತರಿಸಲು ಹೊರಡುತ್ತೇನೆ ಎನ್ನುವಷ್ಟೇ ಸಲೀಸಾಗಿ, ಮುಂದಿನ ಚುನಾವಣೆಗೆ ತಾನು ನಿಲ್ಲುತ್ತೇನೆ ಎಂದರು. ಆತೆ ಮೊದಲು ಜೋರಾಗಿ ನಕ್ಕರು. ಗಂಡನ ಮುಖ ನೋಡಿ ಸುಮ್ಮನಾದರು.

ಅವರ ಊರಿನಲ್ಲಿ ಒಂದು ಪದ್ಧತಿ ಇದೆ. ಮೇಯರ್ ಆಗಬೇಕೆನ್ನುವವನು ಊರಿನ ಪ್ರತಿ ಮದುವೆಗೆ, ಪ್ರತಿ ನಾಮಕರಣಕ್ಕೆ, ಪ್ರತಿ ಸಾವಿಗೆ ಹೋಗಲೇಬೇಕು, ಹೋದಲ್ಲಿ ಕೊಡಲೇಬೇಕು. ಮದುವೆಗಾದರೆ ಹಂದಿ, ಸಾವಿಗಾದರೆ ಶವಪೆಟ್ಟಿಗೆ. ಹೆಣವನ್ನು ಎಷ್ಟೋ ದಿನ ಮನೆಯಲ್ಲಿಟ್ಟುಕೊಂಡು ಊರೆಲ್ಲ ರಾತ್ರಿಯಿಡೀ ಜಾಗರಣೆ ಕೂರುವುದು ಅವರಲ್ಲಿ ರೂಢಿ. ಆ ಜಾಗರಣೆಯ ಕಾಫಿ ಬಿಸ್ಕತ್ತು ಕೂಡ ರಾಜಕಾರಣಿಯದೇ. ಕುಯಾ ತಮಗೆ ತಾವೇ ನಿಯಮ ಹಾಕಿಕೊಂಡರು: ಎಲ್ಲ ಕಡೆಗೂ ಹೋಗುವುದು, ಏನೂ ಕೊಡದಿರುವುದು. ಬರಿಗೈಯಲ್ಲಿ ಹೋಗಿ ಕೊನೆಯವರೆಗೆ ಕೂರುವುದು.

"ಕೈ ಬೀಸ್ಕೊಂಡು ಹೋದ್ರೆ ನಮ್ಮೂರಲ್ಲಿ ನೀರೂ ಕೊಡಲ್ಲ ಕುಯಾ," ಎಂದು ನನ್ನ ಗಂಡ ಎಚ್ಚರಿಸಿದರು.

"ಹೆಣದ ಮುಂದೆ ನಾನು ನೀರು ಕೇಳಲ್ಲ," ಎಂದರು ಕುಯಾ.

ಮುಂದಿನ ವರ್ಷ ಅವರು ಲಾಸ್ ಏಂಜಲಿಸ್‌ಗೆ ಹೋಗಿ ಫಿಲಿಪ್ಪೀನ್ಸಿನ ಪೌರತ್ವವನ್ನು ಮತ್ತೆ ತೆಗೆದುಕೊಳ್ಳಬೇಕಿತ್ತು. ನಮಗೂ ಆರ್ಟೀಸಿಯಾದ ಇಂಡಿಯನ್ ಅಂಗಡಿಗಳಲ್ಲಿ ದಿನಸಿ ಕೊಳ್ಳುವುದಿತ್ತು, ಒಂದೇ ಕಾರಿನಲ್ಲಿ ಹೊರಟೆವು. ಬರುವಾಗ ಅಲ್ಲಿನ ಪಯೊನೀರ್ ಬುಲವಾರ್ಡ್ ಬೀದಿಯಲ್ಲಿ ಕಾರಿನೊಳಗೇ ಕೂತು ಮಾಸ್ಕ್ ಇಳಿಸಿ ದೋಸೆ ತಿಂದೆವು. ಆಗ ಕುಯಾ ಇನ್ನೊಂದು ವಿಷಯ ಹೇಳಿದರು. ಇಷ್ಟೇ ಸಾಲದು, ಅಲ್ಲಿ ನಾಮಪತ್ರ ಹಾಕುವಾಗ ಅಮೆರಿಕದ ಪೌರತ್ವವನ್ನು ಬಿಟ್ಟೆ ಎಂದು ಪ್ರಮಾಣ ಮಾಡಬೇಕು. ಅದಾದ ಮೇಲೆ ಅಮೆರಿಕದ ಪಾಸ್‌ಪೋರ್ಟನ್ನು ಒಂದು ಸಲ ಬಳಸಿದರೂ ಆ ಪ್ರಮಾಣ ಸುಳ್ಳು ಎಂದಾಗಿ ಉಮೇದುವಾರಿಕೆ ಬಿದ್ದುಹೋಗುತ್ತದೆ. ಹೊರದೇಶದಿಂದ ಬಂದು ನಿಲ್ಲುವ ಎಲ್ಲರೂ ಪ್ರಮಾಣ ಮಾಡುತ್ತಾರೆ, ಎಲ್ಲರೂ ಅಮೆರಿಕದ ನೀಲಿ ಪಾಸ್‌ಪೋರ್ಟನ್ನು ಬೀರುವಿನಲ್ಲಿ ಇಟ್ಟುಕೊಂಡಿರುತ್ತಾರೆ. ಅಮೆರಿಕದ ಲೆಕ್ಕದಲ್ಲಿ ಅವರು ಅಮೆರಿಕದವರಾಗಿಯೇ ಇರುತ್ತಾರೆ.

ನನಗೆ ನಗು ಬಂತು. ನಾವೂ ಇಲ್ಲಿನ ಪೌರರಾಗುವಾಗ ದೊಡ್ಡ ಸಭಾಂಗಣದಲ್ಲಿ ಕೈಯೆತ್ತಿ, ಹಿಂದಿನ ದೇಶದ ಎಲ್ಲ ನಿಷ್ಠೆಯನ್ನೂ ತೊರೆದೆವು ಎಂದು ಗಿಳಿಪಾಠ ಒಪ್ಪಿಸಿ, ನೇರ ಮನೆಗೆ ಬಂದು ಕ್ರಿಕೆಟ್ ಹಾಕಿಕೊಂಡು ಭಾರತ ಗೆಲ್ಲಲಿ ಎಂದು ಕೂಗಿದವರು. ಅದನ್ನೇ ಹೇಳಿದೆ.

"ನೀವು ಮಾಡಿದ್ದು ತಪ್ಪು ಅನ್ನಲ್ಲ ಡಾಕ್ಟರೇ," ಎಂದರು ಕುಯಾ. "ಆದ್ರೆ ನಾನು ಆ ಜನಕ್ಕೆ, ನಿಮ್ಮ ಮೇಯರ್ ಬಾಯಲ್ಲಿ ಒಂದು, ಮನಸ್ಸಲ್ಲಿ ಒಂದು ಅಂತ ಹೇಳೋಕೆ ಹೋಗ್ತಿದೀನಿ. ಮೊದಲನೇ ದಿನವೇ ನಾನೇ ಹಾಗೆ ಮಾಡ್ಲಾ?"

ಅವರು ಹೋದರು. ನಾಮಪತ್ರ ಹಾಕಿ ಪ್ರಮಾಣ ಮಾಡಿದ ದಿನ ಆ ನೀಲಿ ಪಾಸ್‌ಪೋರ್ಟನ್ನು ತಂಗಿಯ ಕೈಗೆ ಕೊಟ್ಟು, ಎತ್ತಿಡು, ನಾನು ಕೇಳಿದರೂ ಕೊಡಬೇಡ ಎಂದರಂತೆ. ಅಣ್ಣತಂಗಿಯರಿಬ್ಬರೂ ಟೀಚರ್‌ನ ಸ್ಕೂಟರಿನಲ್ಲಿ ಸಾವಿನ ಮನೆಗಳನ್ನು ಸುತ್ತತೊಡಗಿದರು. ಮೊದಲು ಜನ ಮುಖ ಸಿಂಡರಿಸಿದರು. ಅಮೆರಿಕದಿಂದ ಬಂದ ಜಿಪುಣ ಎಂದರು. ಆಮೇಲೆ, ಮೇಯರ್ ಕಡೆಯವರು ಪೆಟ್ಟಿಗೆ ಇಳಿಸಿ ಫೋಟೋ ತೆಗೆಸಿಕೊಂಡು ಹೋದ ಮೇಲೂ ಬೆಳಗಿನವರೆಗೆ ಕೂತಿರುವವರು ಈ ಇಬ್ಬರೇ ಎನ್ನುವುದು ಅವರ ಕಣ್ಣಿಗೆ ಬಿತ್ತು. ಆತೆ ಬೇಲಿಯ ಬಳಿ ಬಂದು ಸುದ್ದಿ ಹೇಳುವಾಗ ದನಿಯಲ್ಲಿ ಹೆಮ್ಮೆ ಇರುತ್ತಿತ್ತು, ಹಿಂದೆಯೇ ಹೆದರಿಕೆ. ಗೆದ್ದರೆ ಏನು ಗತಿ ಎಂದು ಒಮ್ಮೆ ಕೇಳಿದರು.

ಚುನಾವಣೆಗೆ ಇನ್ನೂ ಕೆಲವು ತಿಂಗಳಿದ್ದಾಗ ಆತೆ ಕಾಯಿಲೆ ಬಿದ್ದರು. ಎರಡು ವರ್ಷ ಊರಿಗೆಲ್ಲ ಸೇವೆ ಮಾಡಿ ತಪ್ಪಿಸಿಕೊಂಡಿದ್ದವರನ್ನು ಆ ಚಳಿಗಾಲದಲ್ಲಿ ಕೊರೊನಾ ಹಿಡಿಯಿತು. ನೋಡನೋಡುತ್ತ ನ್ಯುಮೋನಿಯಾ, ಐಸಿಯು, ಬಾಯಿಗೆ ಟ್ಯೂಬು. ನಾನು ಹಳೆಯ ಸಹೋದ್ಯೋಗಿಗಳನ್ನು ಕಾಡಿಸಿ ವಿಷಯ ತಿಳಿದುಕೊಂಡು ಕುಯಾಗೆ ಫೋನ್ ಮಾಡುತ್ತಿದ್ದೆ. ಸುಳ್ಳು ಸಮಾಧಾನ ನನಗೆ ಬರುವುದಿಲ್ಲ. ಉಳಿಯುವ ಸಾಧ್ಯತೆ ಕಡಿಮೆ, ನೋಡಬೇಕೆಂದರೆ ಈಗಲೇ ಬನ್ನಿ ಎಂದೆ.

ಫಿಲಿಪ್ಪೀನ್ಸಿನ ಪಾಸ್‌ಪೋರ್ಟಿನಲ್ಲಿ ಬರೋಣವೆಂದು ಅವರು ವೀಸಾ ಕೇಳಿದರು. ನೀವು ನಮ್ಮ ದಾಖಲೆಯಲ್ಲಿ ಅಮೆರಿಕದ ಪೌರರು, ಪೌರರಿಗೆ ವೀಸಾ ಕೊಡುವುದಿಲ್ಲ ಎಂದು ಉತ್ತರ ಬಂತು. ಬರುವುದಾದರೆ ಇದ್ದ ದಾರಿ ಆ ನೀಲಿ ಪುಸ್ತಕ ಒಂದೇ. ಕುಯಾ ಇಡೀ ಮಧ್ಯಾಹ್ನ ಮನೆಯ ಮೆಟ್ಟಿಲ ಮೇಲೆ ಕೂತಿದ್ದರಂತೆ. ಪಾಸ್‌ಪೋರ್ಟ್ ಕೊಡು ಎಂದು ಅವರು ಕೇಳಲಿಲ್ಲ. ತಂಗಿಯೇ ಒಳಗಿನಿಂದ ತಂದು ಮಡಿಲಿಗೆ ಹಾಕಿ, "ಊರು ಕಾಯುತ್ತೆ. ಅತ್ತಿಗೆ ಕಾಯಲ್ಲ," ಎಂದರಂತೆ.

ಲಾಸ್ ಏಂಜಲಿಸ್ ವಿಮಾನ ನಿಲ್ದಾಣದಿಂದ ನನ್ನ ಗಂಡ ಅವರನ್ನು ಕರೆತಂದರು. ಆತೆ ಬದುಕಿದರು. ನಾನು ಹೇಳಿದ್ದು ಸುಳ್ಳಾಯಿತು; ಇಷ್ಟು ಸಂತೋಷದಿಂದ ನಾನು ಎಂದೂ ಸುಳ್ಳಾದದ್ದಿಲ್ಲ. ಬೆನ್ನಿಗೆ ಆಮ್ಲಜನಕದ ಯಂತ್ರ ಹೊತ್ತು ಮನೆಗೆ ಬಂದರು, ಅಡುಗೆಮನೆಯಿಂದ ಬಚ್ಚಲಿಗೆ ಹೋಗಲು ನಡುವೆ ಕುರ್ಚಿ ಬೇಕಿತ್ತು.

ಅಷ್ಟರಲ್ಲಿ ಮೇಯರ್ ಕಡೆಯವರು ಅಲ್ಲಿನ ಚುನಾವಣಾ ಆಯೋಗಕ್ಕೆ ದೂರು ಕೊಟ್ಟಾಗಿತ್ತು. ಇವರು ವಿಮಾನ ಹತ್ತಿದ ಸುದ್ದಿ ಅವರಿಗೆ ಹೇಗೆ ಸಿಕ್ಕಿತೋ ದೇವರೇ ಬಲ್ಲ. ವಿಚಾರಣೆ ಕಂಪ್ಯೂಟರಿನ ಮೂಲಕ ನಡೆಯಿತು. ಆತೆಯ ಯಂತ್ರದ ಸದ್ದು ಬೇಡವೆಂದು ಕುಯಾ ನಮ್ಮ ಮನೆಯ ಊಟದ ಮೇಜಿನಲ್ಲಿ ಕೂತರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ಶುರುವಾಗುವ ಮೊದಲು ಅವರ ವಕೀಲ ಫೋನಿನಲ್ಲಿ ಸಿಕ್ಕ. ಯಾವ ಪಾಸ್‌ಪೋರ್ಟ್ ಎಂದು ಕೇಳಿದರೆ ನೆನಪಿಲ್ಲ ಎನ್ನಿ, ವಿಮಾನ ನಿಲ್ದಾಣದ ಕಂಪ್ಯೂಟರಿನಿಂದ ಆ ಸಾಲು ಮಾಯವಾಗುವಂತೆ ಮಾಡುವ ಜನ ನನಗೆ ಗೊತ್ತು ಎಂದ. ಸ್ಪೀಕರಿನಲ್ಲಿತ್ತು, ನಾವೆಲ್ಲ ಕೇಳಿಸಿಕೊಂಡೆವು.

"ಹೂಂ ಅನ್ನಿ," ಎಂದೆ ನಾನು. "ಎದುರಿನವರು ಊರನ್ನೇ ನುಂಗ್ತಿದಾರೆ. ನೀವು ಒಂದು ಸಾಲು ನುಂಗಿದ್ರೆ ಆಕಾಶ ಬೀಳುತ್ತಾ?"

"ಏ, ಸುಮ್ನಿರೇ," ಎಂದು ನನ್ನ ಗಂಡ ಕನ್ನಡದಲ್ಲಿ ಗದರಿದರು.

ವಿಚಾರಣೆಯಲ್ಲಿ ಆಯೋಗದ ಒಬ್ಬಾಕೆ ಅದನ್ನೇ ಕೇಳಿದರು. ಕುಯಾ, ಹೌದು, ಅಮೆರಿಕದ ಪಾಸ್‌ಪೋರ್ಟಿನಲ್ಲೇ ಬಂದೆ, ಹೆಂಡತಿ ಸಾಯುತ್ತಿದ್ದಳು, ಬೇರೆ ದಾರಿ ಇರಲಿಲ್ಲ ಎಂದು ಇದ್ದದ್ದು ಇದ್ದಂತೆ ಹೇಳಿದರು. ಆಕೆ ತಲೆಯಾಡಿಸಿದರು. ಮರುಕವಿತ್ತು, ಆದರೆ ಕಾನೂನಿನಲ್ಲಿ ಮರುಕಕ್ಕೆ ಜಾಗ ಇರಲಿಲ್ಲ. ಅಭ್ಯರ್ಥಿಗಳ ಪಟ್ಟಿಯಿಂದ ಹೆಸರು ಹೋಯಿತು.

ಮತಪತ್ರಗಳು ಅಚ್ಚಾಗಿಬಿಟ್ಟಿದ್ದವು. ಅಂಥ ಸಂದರ್ಭದಲ್ಲಿ ಬದಲಿ ಅಭ್ಯರ್ಥಿ ನಿಲ್ಲಬಹುದು, ಆದರೆ ಅದೇ ಮನೆತನದ ಹೆಸರಿನವರು ಮಾತ್ರ. ಗಂಡ ಬಿದ್ದರೆ ಹೆಂಡತಿ, ಅಪ್ಪ ಬಿದ್ದರೆ ಮಗ ಎಂದು ದೊಡ್ಡ ಮನೆಗಳಿಗಾಗಿಯೇ ಹೊಲಿದಂತಿರುವ ನಿಯಮ. ಕುಯಾ ಖಡಾಖಂಡಿತ ಬೇಡ ಎಂದರು. ಮನೆಯವರನ್ನು ಕೂರಿಸುವುದರ ವಿರುದ್ಧವೇ ತಾನು ಹೊರಟದ್ದು ಎಂದರು. ಟೀಚರ್ ಅಣ್ಣನನ್ನು ಕೇಳಲು ಹೋಗಲಿಲ್ಲ. ಮದುವೆಯಾಗದ ಕಾರಣ ಅವರ ಹೆಸರು ಅಣ್ಣನದೇ ಆಗಿತ್ತು. ಶಾಲೆಯ ಕೆಲಸ ಬಿಟ್ಟು, ಹೋಗಿ ಸಹಿ ಹಾಕಿ ಬಂದು, ಆಮೇಲೆ ಫೋನಿನಲ್ಲಿ ದನಿ ರೆಕಾರ್ಡ್ ಮಾಡಿ ಕಳಿಸಿದರು. ಅಣ್ಣ ಬೈದು ಕಳಿಸಿದರೆ ತಂಗಿ ನಕ್ಕು ಕಳಿಸುವುದು. ಗ್ಯಾರೇಜಿನಲ್ಲಿ ನಿಂತು ಕುಯಾ, ಹಿಂತೆಗೆದುಕೋ, ಮಾರಾಯ್ತಿ, ಎಂದು ಗೋಗರೆಯುತ್ತಿದ್ದುದು ಭಾಷೆ ಬಾರದ ನನಗೂ ಅರ್ಥವಾಗುತ್ತಿತ್ತು. ಇವರು ಹೋಗುವಂತಿರಲಿಲ್ಲ, ಆತೆ ಒಬ್ಬರೇ ಇರುವ ಸ್ಥಿತಿಯಲ್ಲಿರಲಿಲ್ಲ.

ಟೀಚರ್ ಅಣ್ಣನ ನಿಯಮ ಮುರಿಯಲಿಲ್ಲ. ಬರಿಗೈಯಲ್ಲೇ ಹೋಗಿ ಬೆಳತನಕ ಕೂರುತ್ತಿದ್ದರು. ಒಂದು ಜಾಗರಣೆ ಮುಗಿಸಿ ಬೆಳಿಗ್ಗೆ ಸ್ಕೂಟರಿನಲ್ಲಿ ಮನೆಗೆ ಬರುವಾಗ, ಬೈಕಿನಲ್ಲಿ ಬಂದ ಇಬ್ಬರು ಗುಂಡು ಹೊಡೆದು ಹೋದರು. ನಮಗೆ ಆಗ ಸಂಜೆ. ನಾನು ದೇವರಿಗೆ ದೀಪ ಹಚ್ಚುತ್ತಿದ್ದೆ. ಪಕ್ಕದ ಮನೆಯಿಂದ ಬಂದ ಸದ್ದು ಕೇಳಿ ಆತೆ ಹೋಗಿಬಿಟ್ಟರು ಎಂದುಕೊಂಡೇ ಓಡಿದೆ. ಆತೆ ಬಾಗಿಲಲ್ಲಿ ನಿಂತಿದ್ದರು, ಮೂಗಿನಲ್ಲಿ ಕೊಳವೆ, ನನ್ನನ್ನು ನೋಡಿ, "ನಾನಲ್ಲ, ನಾನಲ್ಲ," ಎಂದರು.

ಕೊಂದವರು ಯಾರೆಂದು ಇವತ್ತಿಗೂ ಸಾಬೀತಾಗಿಲ್ಲ. ಆ ಮನೆತನವೇ ಗೆದ್ದಿತು. ಸತ್ತ ಟೀಚರಿಗೂ ಸಾಕಷ್ಟು ಓಟು ಬಿದ್ದವಂತೆ, ಸಾಲಲಿಲ್ಲ. ನೀನು ಬಂದರೆ ನಿನ್ನದೂ ಅದೇ ಗತಿ ಎಂದು ಊರಿನಿಂದ ಹೇಳಿ ಕಳಿಸಿದ್ದರಿಂದ, ಊರಿನ ಹೆಣಗಳನ್ನೆಲ್ಲ ಕಾಯ್ದ ಮನುಷ್ಯನಿಗೆ ತಂಗಿಯ ಹೆಣದ ಮುಂದೆ ಕೂರಲಾಗಲಿಲ್ಲ. ಫೋನನ್ನು ಟೀವಿಯ ಪಕ್ಕದಲ್ಲಿ ನಿಲ್ಲಿಸಿಕೊಂಡು ಕೂತಿದ್ದರು. ಆ ಕಡೆ ಯಾರೋ ಫೋನನ್ನು ಪೆಟ್ಟಿಗೆಯ ಹತ್ತಿರ ಇಟ್ಟಿದ್ದರು. ಚಿತ್ರದಲ್ಲಿ ಮುಖ ಕಾಣುತ್ತಿರಲಿಲ್ಲ, ಹೂವು ಮಾತ್ರ.

ಆಮೇಲೆ ಶುರುವಾದದ್ದು ಆ ದನಿ. ಬೆಳಿಗ್ಗೆ ನಾನು ಹಿತ್ತಲಿನ ಕರಿಬೇವಿಗೆ ನೀರು ಹಾಕುವ ಹೊತ್ತಿಗೆ ಗ್ಯಾರೇಜಿನಿಂದ ಟೀಚರ್ ಮಾತಾಡುವುದು ಕೇಳಿಸುತ್ತದೆ. ಕುಯಾ ಹಳೆಯ ದನಿಗಳನ್ನು ಒಂದೊಂದಾಗಿ ಹಾಕಿಕೊಂಡು ಕೇಳುತ್ತಾರೆ. ಆಕೆ ಯಾರನ್ನೋ ಅಣಕಿಸುತ್ತಾರೆ, ಕೋಳಿಯನ್ನು ಅಟ್ಟುತ್ತಾರೆ, ತಮ್ಮ ಮಾತಿಗೆ ತಾವೇ ನಗುತ್ತಾರೆ. ಎಲ್ಲಿ ನಗುತ್ತಾರೆ ಎನ್ನುವುದು ನನಗೆ ಬಾಯಿಪಾಠವಾಗಿದೆ. ಒಂದು ದಿನ ಆ ನಗುವಿಗೆ ಮೊದಲೇ ನಾನು ನಕ್ಕುಬಿಟ್ಟೆ. ಕೈಯಲ್ಲಿದ್ದ ಪೈಪನ್ನು ಬಿಸಾಕಿ ಒಳಗೆ ಬಂದೆ. ಕೆಲವು ದಿನ ಕುಯಾ ಉತ್ತರ ಕೊಡುವುದೂ ಕೇಳಿಸುತ್ತದೆ. ಆಕೆ ಮಾತಾಡಿ ನಿಲ್ಲಿಸುತ್ತಾರೆ, ಇವರು ಮಾತಾಡುತ್ತಾರೆ, ಮತ್ತೆ ಆಕೆ. ಗೊತ್ತಿಲ್ಲದವರು ಕೇಳಿದರೆ ಇಬ್ಬರು ಕೂತು ಹರಟುತ್ತಿದ್ದಾರೆ ಎಂದೇ ತಿಳಿಯಬೇಕು.

ನವೆಂಬರಿನ ಮೊದಲ ದಿನ ಅವರಲ್ಲಿ ಸತ್ತವರಿಗೆ ತಟ್ಟೆ ಇಡುತ್ತಾರೆ. ನಮ್ಮ ಪಿತೃಪಕ್ಷದ ಎಡೆಯ ಹಾಗೆಯೇ, ಇಷ್ಟದ ತಿಂಡಿಯೇ ಆಗಬೇಕು. ಟೀಚರಿಗೆ ನಾನು ಒಮ್ಮೆ ಕಳಿಸಿದ್ದ ಕೋಡುಬಳೆ ಇಷ್ಟವಾಗಿತ್ತಂತೆ. ನಾನು ಮಾಡಿಕೊಟ್ಟೆ. ಆತೆ ತಟ್ಟೆ ಜೋಡಿಸುವಾಗ ನನ್ನ ಮುಖ ನೋಡದೆ, "ಈ ತಟ್ಟೆ ನನ್ನದಾಗಬೇಕಿತ್ತು ಡಾಕ್ಟರ್," ಎಂದರು. ರೇಗಿ ಬೈದೆ. ಬೈಗುಳದಿಂದ ವಾಸಿಯಾಗುವ ಕಾಯಿಲೆಯಲ್ಲ ಅದು ಎಂದು ನನಗೆ ತಿಳಿದೇ ಇತ್ತು.

ಆ ಮನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬಹಳ ಜೋಪಾನವಾಗಿ ನೋಡಿಕೊಳ್ಳುತ್ತಾರೆ, ಆದರೆ ನೇರ ನೋಡುವುದಿಲ್ಲ. ಆಕೆ ಕೆಮ್ಮಿದರೆ ಇವರು ನೀರು ತರುತ್ತಾರೆ, ಲೋಟ ಕೊಟ್ಟು ಕಿಟಕಿಯ ಕಡೆ ತಿರುಗುತ್ತಾರೆ. ನನಗೆ ಈಗಲೂ ಕುಯಾ ಮೇಲೆ ಸಿಟ್ಟಿದೆ. ಆ ದಿನ ನಮ್ಮ ಊಟದ ಮೇಜಿನಲ್ಲಿ ಒಂದು ಸುಳ್ಳು ಹೇಳಿದ್ದರೆ ತಂಗಿ ಬದಲಿಯಾಗಿ ನಿಲ್ಲುವ ಪ್ರಮೇಯವೇ ಬರುತ್ತಿರಲಿಲ್ಲ. ಆಗ ಗುಂಡು ಕುಯಾಗೇ ಬೀಳುತ್ತಿತ್ತಲ್ಲ ಎನ್ನುತ್ತಾರೆ ನನ್ನ ಗಂಡ. ಈ ವಿಷಯಕ್ಕೆ ನಮ್ಮಲ್ಲಿ ಎಷ್ಟೋ ಸಲ ಜಗಳವಾಗಿದೆ, ತೀರ್ಮಾನವಾಗಿಲ್ಲ.

೨೦೨೫ರಲ್ಲಿ ಆ ಊರಿನ ಮೇಯರ್ ಅಮೆರಿಕಕ್ಕೆ ಬಂದ. ಹೊರದೇಶದಲ್ಲಿರುವ ಊರಿನವರನ್ನು ಸುತ್ತಿ ಮಾತಾಡಿಸಿ ಹೋಗುವುದು ಅವರಲ್ಲಿ ರೂಢಿ. ಲಾಸ್ ಏಂಜಲಿಸ್ ಹತ್ತಿರ ಕಾರ್ಸನ್‌ನಲ್ಲಿ ಒಂದು ಹಾಲ್‌ನಲ್ಲಿ ಭಾನುವಾರದ ಊಟ. ಕುಯಾ ಹೋಗುತ್ತೇನೆ ಎಂದರು. ಯಾಕೆ ಎಂದರೆ, ಆ ಮುಖ ಒಮ್ಮೆ ನೋಡಬೇಕು ಎಂದರು, ಅಷ್ಟೇ. ಏನಾದರೂ ಮಾಡಿಕೊಂಡಾರು ಎಂದು ಆತೆಯೂ ನಾವಿಬ್ಬರೂ ಜೊತೆಗೆ ಹೊರಟೆವು.

ಹಾಲ್ ತುಂಬ ಜನ, ನೂಡಲ್ಸು, ಹುರಿದ ಹಂದಿ, ಮೈಕಿನಲ್ಲಿ ಕರೋಕೆ ಹಾಡು. ನಾನು ಅನ್ನ, ಬಾಳೆಹಣ್ಣು ಹಾಕಿಕೊಂಡು ಕೂತೆ. ಮೇಯರ್ ಚಿಕ್ಕ ವಯಸ್ಸಿನವನು, ಮುದ್ದಾಗಿದ್ದ. ಒಂದೊಂದೇ ಮೇಜಿಗೆ ಬಂದು ಮಾತಾಡಿಸುತ್ತ ನಮ್ಮಲ್ಲಿಗೂ ಬಂದ. ಕುಯಾ ಎದ್ದು ನಿಂತರು. ಅವನು ತಲೆ ತಗ್ಗಿಸಿ ಕುಯಾ ಅವರ ಬಲಗೈ ತೆಗೆದುಕೊಂಡು ತನ್ನ ಹಣೆಗೆ ಒತ್ತಿಕೊಂಡ. ಹಿರಿಯರಿಗೆ ಅವರು ನಮಸ್ಕಾರ ಮಾಡುವುದು ಹೀಗೆ, ನಾವು ಕಾಲಿಗೆರಗುವ ಹಾಗೆ. ಕೈ ಕೊಟ್ಟ ಹಿರಿಯರು ದೇವರು ಒಳ್ಳೆಯದು ಮಾಡಲಿ ಎನ್ನಬೇಕು. ಚಿಕ್ಕಂದಿನಿಂದ ನಾಲಿಗೆಗೆ ಅಂಟಿದ ಮಾತು. ಕುಯಾ ಬಾಯಿಂದ ಅದು ಬಂದುಬಿಟ್ಟಿತು.

"ಟೀಚರ್ ನನಗೂ ಪಾಠ ಹೇಳಿದ್ದರು," ಎಂದ ಅವನು. ಕಣ್ಣಲ್ಲಿ ನಿಜವಾಗಿ ನೀರಿತ್ತು. "ಹೊಸ ಶಾಲೆಗೆ ಅವರ ಹೆಸರಿಡ್ತಿದೀವಿ. ನೀವು ಬರಬೇಕು." ಯಾರೋ ಫೋಟೋ ತೆಗೆದರು. ಅವನು ಮುಂದಿನ ಮೇಜಿಗೆ ಹೋದ.

ವಾಪಸು ಬರುವಾಗ ನಾವಿಬ್ಬರು ಮುಂದೆ, ಅವರಿಬ್ಬರು ಹಿಂದೆ. ಬಲಕ್ಕೆ ಸಮುದ್ರ, ಇನ್ನೂ ಬಿಸಿಲಿತ್ತು. ಕುಯಾ ತಮ್ಮ ಬಲಗೈಯನ್ನು ತೊಡೆಯ ಮೇಲೆ ಅಂಗಾತ ಇಟ್ಟುಕೊಂಡು ನೋಡುತ್ತಿದ್ದರು. ಬಹಳ ದೂರ ಬಂದ ಮೇಲೆ ಆತೆ ಮಾತಾಡಿದರು. ನಮಗೆ ಕೇಳಿಸಲಿ ಎಂದೋ ಏನೋ, ಇಂಗ್ಲಿಷಿನಲ್ಲೇ.

"ನೀನು ಅವತ್ತು ಬರದೇ ಇದ್ದಿದ್ರೆ ಅವಳು ಇರ್ತಿದ್ದಳು. ಒಂದು ಸಲ ಬಾಯಿಬಿಟ್ಟು ಹೇಳಿಬಿಡು. ದಿನಾ ಅವಳ ಹತ್ರ ಕ್ಷಮೆ ಕೇಳ್ತೀಯ, ನಾನು ಪಕ್ಕದ ಕೋಣೆಯಲ್ಲಿ ಉಸಿರು ಬಿಗಿಹಿಡಿದು ಕೂತಿರ್ತೀನಿ."

"ಕ್ಷಮೆ ಕೇಳಿಲ್ಲ," ಎಂದರು ಕುಯಾ. "ಒಂದು ದಿನವೂ ಕೇಳಿಲ್ಲ. ಬೇರೆ ಏನೇನೋ ಮಾತಾಡ್ತೀನಿ. ಅದೊಂದು ಬಾಯಿಗೆ ಬರಲ್ಲ."

"ಯಾಕೆ?"

"ಕ್ಷಮೆ ಕೇಳಿದ್ರೆ, ಇನ್ನೊಂದು ಸಲ ಹಾಗೆ ಮಾಡಲ್ಲ ಅನ್ನಬೇಕು. ಅವಳು ಸಾಯ್ತಾಳೆ ಅಂತ ಮೊದಲೇ ಗೊತ್ತಿದ್ರೂ, ನಾನು ವಿಮಾನ ಹತ್ತಿ ನಿನ್ನ ಹತ್ರಾನೇ ಬರ್ತಿದ್ದೆ. ಅವಳಿಗೆ ಸುಳ್ಳು ಹೇಳ್ಲಾ?"

ನಾನು ಕನ್ನಡಿಯಲ್ಲಿ ನೋಡಿದೆ. ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುತ್ತಿದ್ದರು, ಇಬ್ಬರೂ ಅಳುತ್ತಿದ್ದರು. ನನ್ನ ಗಂಡ ನಮ್ಮ ಎಕ್ಸಿಟ್ ಬಂದದ್ದನ್ನು ಗಮನಿಸದೆ ಮುಂದೆ ಹೋಗಿಬಿಟ್ಟರು, ನಾನೂ ಹೇಳಲಿಲ್ಲ.